ನಮ್ಮನೆಯವರ ಹಂಟರ್ ಜೊತೆ ಓಡಿಸೋಕೆ ನನಗೊಂದು ಬೈಕ್

ಹೊಸದಾಗಿ ಬೈಕ್ ಕಲಿತವರಿಗೆ ಯಾವ ಗಾಡಿ ಒಳ್ಳೆಯದು ಅಂತ ಕೇಳಿದರೆ ಬೆಂಗಳೂರಲ್ಲಿ ಟೀ ಅಂಗಡಿಯವರೂ ಸಲಹೆ ಕೊಡುತ್ತಾರೆ. ಆದರೆ ಅವರ ಜೊತೆಗೆ ಹೋಗುವ ಹಳಬರು ಯಾವ ಗಾಡಿ ಓಡಿಸಬೇಕು ಅಂತ ಕೇಳಿ ನೋಡಿ. "ನಿಮಗೇನ್ರೀ, ಯಾವುದಾದ್ರೂ ಓಡಿಸ್ತೀರಾ" ಅಂತ ಮಾತು ಮುಗಿಸುತ್ತಾರೆ. ನನಗೆ ಆ ಉತ್ತರ ಸಾಲಲಿಲ್ಲ. ನಮ್ಮನೆಯವರು ಹೊಸದಾಗಿ ಬೈಕ್ ಕಲಿತ ಮೇಲೆ ನನ್ನ ಡ್ಯೂಕ್ ಬೈಕ್ ಬಿಟ್ಟು ಬೇರೆ ಗಾಡಿ ಹುಡುಕಿದ್ದು ಹೇಗೆ ಅಂತ ಬರೀತಿದ್ದೀನಿ, ಇದೇ ಪರಿಸ್ಥಿತಿಯಲ್ಲಿ ಇರುವವರಿಗೆ ಉಪಯೋಗ ಆಗಬಹುದು.

ಮೊದಲು ಸ್ವಲ್ಪ ಹಿನ್ನೆಲೆ. ನಾನು ಕಾಲೇಜಿನಿಂದಲೂ ಗೇರ್ ಬೈಕ್ ಓಡಿಸುವವಳು. ನನ್ನ ಹತ್ತಿರ ಇದ್ದದ್ದು ಕೆಟಿಎಂ ಡ್ಯೂಕ್ 390, ಹಳೇ 373 ಸಿಸಿ ಎಂಜಿನ್ನಿನದು, ಮದುವೆಗೆ ಮುಂಚಿನ ಗಾಡಿ. ನಮ್ಮನೆಯವರು ಆಕ್ಟಿವಾ ಮನುಷ್ಯ. ತರಕಾರಿ, ಗ್ಯಾಸ್ ಸಿಲಿಂಡರ್, ಅತ್ತೆಯನ್ನು ದೇವಸ್ಥಾನಕ್ಕೆ ಬಿಡೋದು, ಎಲ್ಲ ಅದರಲ್ಲೇ. ದೂರ ಎಲ್ಲಿಗಾದರೂ ಹೋಗುವಾಗ ಡ್ಯೂಕಿನ ಹಿಂದಿನ ಸೀಟು. ಆ ಸೀಟು ನೋಡಿದವರಿಗೆ ಗೊತ್ತು, ಅದು ಅಂಗೈ ಅಗಲ ಇದೆ, ಸರಿಯಾಗಿ ಹಿಡಿಯೋಕೆ ಏನೂ ಇಲ್ಲ. ಕೊನೆಗೆ ಒಂದು ದಿನ "ನಾನೂ ಗೇರ್ ಗಾಡಿ ಕಲೀತೀನಿ ಕಣೇ, ಇನ್ನು ನಿನ್ನ ಹಿಂದೆ ಕೂತ್ಕೊಂಡು ಬರಕ್ಕಾಗಲ್ಲ" ಅಂದರು. ಬೆನ್ನುನೋವಿಗೆ ಹೆದರಿ ಬೈಕ್ ಕಲಿತ ಗಂಡಸು ಇವರೊಬ್ಬರೇ ಇರಬೇಕು.

ಗೇರ್‌ಲೆಸ್ ಲೈಸೆನ್ಸಿಗೆ ಗೇರ್ ಸೇರಿಸೋಕೂ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಬೇಕು, 30 ದಿನ ಆದ ಮೇಲೆ ಟೆಸ್ಟ್. ಎಂಟು ಹಾಕಿ ಪಾಸಾದರು. ಅಭ್ಯಾಸ ಎಲ್ಲ ಕೆಂಪೇಗೌಡ ಲೇಔಟಿನ ಖಾಲಿ ರಸ್ತೆಗಳಲ್ಲಿ. ಸೈಟುಗಳಲ್ಲಿ ಇನ್ನೂ ಮನೆ ಎದ್ದಿಲ್ಲ, ರಸ್ತೆ ಮಾತ್ರ ಅಗಲಕ್ಕೆ ಇದೆ, ನಾಯಿ ಬಿಟ್ಟರೆ ಯಾರೂ ಅಡ್ಡ ಬರಲ್ಲ. ಆಮೇಲೆ ಅವರಿಗೆ ಅಂತ ರಾಯಲ್ ಎನ್‌ಫೀಲ್ಡ್ ಹಂಟರ್ 350 ತಗೊಂಡೆವು. 181 ಕೆ.ಜಿ., 2025ರಲ್ಲಿ ಬದಲಾದ ಮಾಡೆಲ್, ಅಂದರೆ ಸ್ಲಿಪ್ ಅಸಿಸ್ಟ್ ಕ್ಲಚ್ ಇರುವಂಥದ್ದು. ಅದರ ಲಿವರ್ ಹಗುರ, ಟ್ರಾಫಿಕ್ಕಲ್ಲಿ ಎಡಗೈ ನೋಯಲ್ಲ. ಇದರಲ್ಲಿ ಹೆಚ್ಚು ಯೋಚನೆ ಮಾಡುವಂಥದ್ದೇನೂ ಇರಲಿಲ್ಲ.

ತಲೆನೋವು ಶುರುವಾಗಿದ್ದು ನಾವಿಬ್ಬರೂ ಒಟ್ಟಿಗೆ ಹೊರಟಾಗ.

ನಮ್ಮ ಮನೆ ಕೆಂಗೇರಿ ಕಡೆ. ಆಫೀಸಿಗೆ ಇಬ್ಬರೂ ಮೆಟ್ರೋ. ಬೈಕ್ ಏನಿದ್ದರೂ ಭಾನುವಾರಕ್ಕೆ. ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡೋದಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಬಸ್ಸು, ಟ್ರ್ಯಾಕ್ಟರು, ಎದುರಿಂದ ರಾಂಗ್ ಸೈಡಲ್ಲಿ ಬರುವ ಆಟೋ, ಎಲ್ಲ ಇರುತ್ತವೆ. ಅದಕ್ಕೆ ನಾವು ಬೇರೆ ಸುತ್ತು ಇಟ್ಟುಕೊಂಡಿದ್ದೇವೆ. ಮಾಗಡಿ ರಸ್ತೆ ಹಿಡಿದು ತಾವರೆಕೆರೆ, ಮಾಗಡಿ, ಅಲ್ಲಿಂದ ಕುಣಿಗಲ್. ವಾಪಸ್ ಬರೋದು ಹಾಸನ ಹೆದ್ದಾರಿಯಲ್ಲಿ ನೆಲಮಂಗಲಕ್ಕೆ, ಆಮೇಲೆ ನೈಸ್ ರಸ್ತೆ. ಎರಡು ಲೇನಿನ ಹಳ್ಳಿ ರಸ್ತೆ, ನಾಲ್ಕು ಲೇನಿನ ಹೆದ್ದಾರಿ, ಊರೊಳಗಿನ ಗಲಾಟೆ, ಎಲ್ಲಾ ಒಂದೇ ಬೆಳಿಗ್ಗೆಯಲ್ಲಿ ಸಿಗುತ್ತದೆ. ಗಾಡಿ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಸುತ್ತು ಬೇಕಿಲ್ಲ.

ಡ್ಯೂಕ್ ಜೊತೆ ಹಂಟರ್ ಹೊರಟರೆ ಏನಾಗುತ್ತದೆ ಅಂತ ಹೇಳ್ತೀನಿ. ನಮ್ಮನೆಯವರ ಸ್ಪೀಡು 55-60. ಹೊಸಬರಿಗೆ ಅದೇ ಸರಿಯಾದ ಸ್ಪೀಡು, ಅದರಲ್ಲಿ ತಕರಾರಿಲ್ಲ. ಆದರೆ 60ರಲ್ಲಿ ಡ್ಯೂಕ್ ಆರನೇ ಗೇರಿಗೆ ಒಪ್ಪಲ್ಲ, ಎಂಜಿನ್ ಕೆಮ್ಮುತ್ತದೆ, ಚೈನ್ ಜಗ್ಗುತ್ತದೆ. ಮೂರಕ್ಕೋ ನಾಲ್ಕಕ್ಕೋ ಇಳಿಸಿಕೊಂಡು ಹೋದರೆ ಥ್ರಾಟಲ್ ಸ್ವಲ್ಪ ತಿರುಗಿಸಿದರೂ ಮುಂದಕ್ಕೆ ನೆಗೆಯುತ್ತದೆ, ಬಿಟ್ಟರೆ ಹಿಡಿದು ನಿಲ್ಲಿಸಿದ ಹಾಗೆ. ಮಾಗಡಿ ತಲುಪುವಷ್ಟರಲ್ಲಿ ಬಲಗೈ ಮಣಿಕಟ್ಟು ಸೋತಿರುತ್ತಿತ್ತು. ಊರೊಳಗೆ ನಿಂತರೆ ರೇಡಿಯೇಟರ್ ಫ್ಯಾನ್ ಬಿಸಿ ಗಾಳಿಯನ್ನು ತೊಡೆಗೆ ಬಿಡುತ್ತದೆ, ಮೇ ತಿಂಗಳಲ್ಲಿ ಅದೊಂದು ಶಿಕ್ಷೆ. ಒಬ್ಬಳೇ ಓಡಿಸುವಾಗ ಇದೇ ಗಾಡಿ ಎಷ್ಟು ಚೆಂದ ಅಂದರೆ, ಇವತ್ತಿಗೂ ಅದರ ಮೇಲೆ ಒಂದು ಮಾತು ಆಡೋಕೆ ಮನಸ್ಸು ಬರಲ್ಲ. ಜೊತೆಗೆ ಹೋಗುವ ಗಾಡಿ ಅದಲ್ಲ, ಅಷ್ಟೇ.

ಶೋರೂಮಿನ ಟೆಸ್ಟ್ ರೈಡ್ ನಂಬಿ ಇಂಥ ತೀರ್ಮಾನ ಮಾಡೋಕಾಗಲ್ಲ. ಒಂದು ಸಿಗ್ನಲ್, ಒಂದು ಯೂ ಟರ್ನ್, ಹಿಂದೆ ಕೂತ ಹುಡುಗ "ಸಾಕು ಮೇಡಂ, ವಾಪಸ್ ಹೋಗೋಣ" ಅನ್ನುತ್ತಾನೆ. ಬೆಂಗಳೂರಲ್ಲಿ ಬೈಕ್ ಬಾಡಿಗೆಗೆ ಧಾರಾಳವಾಗಿ ಸಿಗುತ್ತವೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಗಾಡಿಗಳು ಅವೇ. ಒಂದೊಂದು ವಾರಾಂತ್ಯಕ್ಕೆ ಒಂದೊಂದು ಗಾಡಿ ಬಾಡಿಗೆಗೆ ತಂದು, ಅದೇ ಮಾಗಡಿ–ಕುಣಿಗಲ್ ಸುತ್ತಿನಲ್ಲಿ, ನಮ್ಮನೆಯವರ ಹಂಟರ್ ಜೊತೆಗೇ ಓಡಿಸಿ ನೋಡಿದೆ. ಖರ್ಚು ಆಗುತ್ತದೆ, ನಿಜ. ಆದರೆ ಎರಡೂವರೆ ಲಕ್ಷ ಕೊಟ್ಟು ಆಮೇಲೆ ಅಯ್ಯೋ ಅನ್ನೋದಕ್ಕಿಂತ ವಾಸಿ ಅಲ್ವಾ?

ಮೊದಲು ತಂದಿದ್ದು ರಾಯಲ್ ಎನ್‌ಫೀಲ್ಡಿನದೇ ಹಿಮಾಲಯನ್ 450. 452 ಸಿಸಿ, 40 ಎನ್‌ಎಂ ಟಾರ್ಕ್ (ಎಂಜಿನ್ ಎಳೆಯುವ ಬಲ), 196 ಕೆ.ಜಿ. ನನ್ನ ಎತ್ತರ ಐದಡಿ ಮೂರಿಂಚು, ಸೀಟು 825 ಮಿ.ಮೀ., ಹಾಗಾಗಿ ಸಿಗ್ನಲ್ಲಲ್ಲಿ ಬೆರಳ ತುದಿ ಮಾತ್ರ ನೆಲಕ್ಕೆ. ಅದು ನನಗೆ ಡ್ಯೂಕಲ್ಲೇ ಅಭ್ಯಾಸ ಆಗಿತ್ತು, ದೊಡ್ಡ ವಿಷಯ ಅಲ್ಲ. ರಸ್ತೆ ಕೆಟ್ಟಿರುವ ಕಡೆ ಈ ಗಾಡಿ ತೇಲಿಕೊಂಡು ಹೋಗುತ್ತದೆ. ಸಸ್ಪೆನ್ಷನ್ ಹಿಂದೆ ಮುಂದೆ ಎರಡೂ ಕಡೆ 200 ಮಿ.ಮೀ. ಆಡುತ್ತದೆ. ತೊಂದರೆ ಇರೋದೇ ಅಲ್ಲಿ. ತಾವರೆಕೆರೆ ದಾಟಿದ ಮೇಲೆ ಒಂದು ಕಡೆ ಪೈಪ್ ಹಾಕೋಕೆ ರಸ್ತೆ ಅಡ್ಡಕ್ಕೆ ಅಗೆದು ಸುಮ್ನೆ ಮಣ್ಣು ಮುಚ್ಚಿದ್ದರು. ನಾನು ಮುಂದೆ ಇದ್ದೆ, ದಡ್ ಅಂತ ಸಣ್ಣ ಸದ್ದು ಕೇಳಿಸಿತು, ದಾಟಿತು. ಎರಡು ಸೆಕೆಂಡ್ ಆದ ಮೇಲೆ ಹೆಲ್ಮೆಟ್ಟಿನ ಇಂಟರ್‌ಕಾಮಲ್ಲಿ "ಅಯ್ಯಪ್ಪಾ!" ಅನ್ನೋ ಕೂಗು. ಹಂಟರ್ ಅದೇ ಹಳ್ಳಕ್ಕೆ ಅದೇ ಸ್ಪೀಡಲ್ಲಿ ಇಳಿದು ಎದ್ದಿತ್ತು. "ಏನೂ ಇಲ್ಲ ಅನ್ನೋ ಹಾಗೆ ಹೋದ್ಯಲ್ಲೇ, ನಾನೂ ಏನೂ ಇಲ್ಲ ಅಂದ್ಕೊಂಡೆ" ಅಂದರು.

ಹೊಸಬರು ಮುಂದಿನ ರಸ್ತೆ ನೋಡೋದಕ್ಕಿಂತ ಮುಂದಿನ ಗಾಡಿ ನೋಡೋದು ಜಾಸ್ತಿ. ಮುಂದಿರುವವರು ಬ್ರೇಕ್ ಹಾಕಿದರೆ ಹಾಕುತ್ತಾರೆ, ಹಾಕದಿದ್ದರೆ ಇಲ್ಲ. ಮುಂದಿನ ಗಾಡಿಗೆ ಹಳ್ಳವೇ ಗೊತ್ತಾಗಲ್ಲ ಅಂದರೆ ಅದು ಹಿಂದಿನವರಿಗೆ ಏನು ಹೇಳುತ್ತದೆ? ನಮ್ಮನೆಯವರ ಬೆನ್ನಿಗೆ ಏನು ಆಗುತ್ತದೋ ಅದು ನನ್ನ ಬೆನ್ನಿಗೂ ಆಗಬೇಕು, ಆಗ ಮಾತ್ರ ನಾನು ಸರಿಯಾದ ಜಾಗದಲ್ಲಿ ನಿಧಾನ ಮಾಡುತ್ತೇನೆ. ಹಿಮಾಲಯನ್ ಪಟ್ಟಿಯಿಂದ ಹೋಯಿತು.

ಆಮೇಲೆ ಟ್ರಯಂಫ್ ಸ್ಪೀಡ್ 400. ಓಡಿಸಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಗಾಡಿ ಅಂದರೆ ಇದೇ. 398 ಸಿಸಿ, 40 ಪಿಎಸ್ ಶಕ್ತಿ, ಸೀಟು 790 ಮಿ.ಮೀ. ಡ್ಯೂಕ್ ಥರ ಜಗ್ಗಲ್ಲ, 60ರಲ್ಲೂ ಸಮಾಧಾನವಾಗಿ ಹೋಗುತ್ತದೆ. ಮಾಗಡಿವರೆಗೂ "ಇದೇ ತಗೊಳ್ಳೋದು" ಅಂತ ಮನಸ್ಸಲ್ಲೇ ಬುಕ್ ಮಾಡಿಬಿಟ್ಟಿದ್ದೆ.

ಮಾಗಡಿ ದಾಟಿ ಕುಣಿಗಲ್ ಕಡೆ ತಿರುಗಿದ ಮೇಲೆ ಮುಂದೆ ಒಂದು ಟಿಪ್ಪರ್ ಸಿಕ್ಕಿತು. ಎಂ ಸ್ಯಾಂಡ್ ತುಂಬಿದ್ದು, ಮೇಲೆ ಟಾರ್ಪಾಲು ಅರ್ಧ ಹಾರಾಡುತ್ತಿತ್ತು, ಹೆಲ್ಮೆಟ್ಟಿನ ಗಾಜಿಗೆ ಮರಳು ಟಪಟಪ ಬಡಿಯುತ್ತಿತ್ತು. ಸ್ಪೀಡು 50 ಇರಬಹುದು. ಎದುರಿಗೆ ದೂರದಲ್ಲಿ ಒಂದು ಬಸ್ಸು. ನನಗೆ ಜಾಗ ಇತ್ತು. ಗೇರ್ ಒಂದು ಇಳಿಸಿ ಥ್ರಾಟಲ್ ಕೊಟ್ಟರೆ ಆಯಿತು, ಮುಂದೆ. ಆದರೆ ಹಿಂದಿರುವವರಿಗೆ ಆ ಜಾಗ ಇರಲಿಲ್ಲ. ನಾನು ಹೋದರೆ ಅವರೂ ಬರುತ್ತಾರೆ, ಹೊಸಬರು ಅಂದರೆ ಹಾಗೇ. ಅದಕ್ಕೆ ಹೋಗಲಿಲ್ಲ. ಮರಳು ತಿಂದುಕೊಂಡು ಆ ಟಿಪ್ಪರ್ ಹಿಂದೆಯೇ ಇದ್ದೆ. ಆಗ ಇಂಟರ್‌ಕಾಮಲ್ಲಿ ಇವರು "ನೀನು ಹೋಗ್ಬಹುದಿತ್ತಲ್ಲ, ನನ್ನಿಂದ ನಿಂಗೆ ತಡ" ಅಂದರು.

ಈ ಮಾತು ನನಗೆ ಇಷ್ಟ ಆಗಲಿಲ್ಲ. ಬೇಜಾರಿನ ವಿಷಯ ಅಲ್ಲ, ಸುರಕ್ಷತೆಯ ವಿಷಯ. "ನನ್ನಿಂದ ತಡ" ಅಂತ ಅನ್ನಿಸಿದ ಮನುಷ್ಯ ಮುಂದಿನ ಸಲ ತನಗೆ ಸಾಲದ ಜಾಗದಲ್ಲಿ ನುಗ್ಗುತ್ತಾನೆ.

ಕುಣಿಗಲ್ಲಲ್ಲಿ ಕಾಫಿಗೆ ನಿಂತಾಗ ಪೆಟ್ರೋಲ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಲಾರಿ 50ರಲ್ಲಿ ಹೋಗ್ತಿದೆ. ಅದನ್ನು ದಾಟಿ ಮತ್ತೆ ನಮ್ಮ ಲೇನಿಗೆ ಬರೋಕೆ ಲಾರಿಯ ಉದ್ದ, ಹಿಂದೆ ಮುಂದೆ ಬಿಡುವ ಜಾಗ ಎಲ್ಲ ಸೇರಿ 40 ಮೀಟರ್ ಅಂತಿಟ್ಟುಕೊಳ್ಳಿ. ನಾವು 70ರಲ್ಲಿ ದಾಟಿದರೆ ಲಾರಿಗಿಂತ 20 ಜಾಸ್ತಿ, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಏಳು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಬೇಕು. ಅಷ್ಟರಲ್ಲಿ ನಾವು 140 ಮೀಟರ್ ಹೋಗಿರುತ್ತೇವೆ, ಎದುರಿನ ಬಸ್ಸೂ 70ರಲ್ಲಿ ಇದ್ದರೆ ಅದೂ 140 ಮೀಟರ್ ಬಂದಿರುತ್ತದೆ. ಒಟ್ಟು 280 ಮೀಟರ್ ಖಾಲಿ ರಸ್ತೆ ಬೇಕು. ಅದೇ 90ರಲ್ಲಿ ದಾಟುವ ಗಾಡಿಗೆ ಮೂರೂವರೆ ಸೆಕೆಂಡ್ ಚಿಲ್ಲರೆ, ಒಟ್ಟು 160 ಮೀಟರ್ ಸಾಕು. ಇದರಲ್ಲಿ ಸ್ಪೀಡ್ ಏರಿಸಿಕೊಳ್ಳೋಕೆ ಬೇಕಾದ ಸಮಯ ಸೇರಿಲ್ಲ. ಅದನ್ನೂ ಸೇರಿಸಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಅಂದರೆ ಸ್ಪೀಡ್ 400ರಲ್ಲಿ ಕೂತ ನನ್ನ ಕಣ್ಣಿಗೆ "ಆರಾಮಾಗಿ ಹೋಗಬಹುದು" ಅಂತ ಕಾಣುವ ಜಾಗ, ಹಂಟರಲ್ಲಿ ಕೂತವರಿಗೆ ಎದುರಿನ ಬಸ್ಸಿನ ಮುಖಕ್ಕೆ ಹೋಗುವ ಜಾಗ.

ಪ್ರತಿ ಸಲ ಎರಡು ಲೆಕ್ಕ ಹಾಕಬೇಕು. ನನ್ನದು ಒಂದು, ಅವರದು ಒಂದು. ಆ ಎರಡನೇ ಲೆಕ್ಕ ಊಹೆ ಮಾತ್ರ, ಯಾಕೆಂದರೆ ಹಂಟರ್ ಎಷ್ಟು ಎಳೆಯುತ್ತದೆ ಅಂತ ಆ ಕ್ಷಣಕ್ಕೆ ನನ್ನ ಕೈಗೆ ಗೊತ್ತಾಗಲ್ಲ. ಅಲ್ಲಿಗೆ ನನಗೆ ಏನು ಬೇಕು ಅನ್ನೋದು ಖಚಿತ ಆಯಿತು. ಹಂಟರ್‌ಗಿಂತ ಜೋರಾಗಿ ಓಡದ ಗಾಡಿ ಬೇಕು. ಸಾಧ್ಯ ಆದರೆ ಒಂದು ಕೂದಲೆಳೆ ನಿಧಾನವೇ ಇರಲಿ. ಇದನ್ನು ಗೆಳತಿಯರ ಹತ್ತಿರ ಹೇಳಿದರೆ ನಕ್ಕರು. 390 ಓಡಿಸಿದವಳು ಬೇಕಂತಲೇ ನಿಧಾನದ ಗಾಡಿ ಹುಡುಕ್ತಾಳಂತೆ!

ರಾಯಲ್ ಎನ್‌ಫೀಲ್ಡಿನ ದೊಡ್ಡ ಗಾಡಿ ಇಂಟರ್‌ಸೆಪ್ಟರ್ 650 ಬಗ್ಗೆ ಕೆಲವರು ಹೇಳಿದ್ದರು, ಈ ಲೆಕ್ಕದ ಮುಂದೆ ಅದನ್ನು ಬಾಡಿಗೆಗೂ ತರಲಿಲ್ಲ. ಜೊತೆಗೆ ತೆರಿಗೆ ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನವಕ್ಕೆ ಶೇ 40 ಆಯಿತು. ಅದರ ಮೇಲೆ ನಮ್ಮ ಕರ್ನಾಟಕದಲ್ಲಿ ಲಕ್ಷ ದಾಟಿದ ಬೈಕಿಗೆ ಆಜೀವ ತೆರಿಗೆ ಶೇ 18. ದುಡ್ಡಿನ ದೃಷ್ಟಿಯಿಂದಲೂ 350ರ ಒಳಗೆ ಇರೋದೇ ಜಾಣತನ.

ಟಿವಿಎಸ್ ರೋನಿನ್ ನಿಜವಾಗಿಯೂ ಗಟ್ಟಿ ಪೈಪೋಟಿ ಕೊಟ್ಟಿತು. 225.9 ಸಿಸಿ, 160 ಕೆ.ಜಿ., ತಳ್ಳೋಕೆ ಹಗುರ, ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಹಿಂದೆ ಮುಂದೆ ಮಾಡೋಕೆ ಸುಲಭ. ಒಬ್ಬಳೇ ಕೂತರೆ ಹಂಟರ್‌ಗೆ ಸರಿಸಮ. ಆದರೆ ನನಗೆ ಇನ್ನೊಂದು ಷರತ್ತು ಇತ್ತು. ದೂರ ಹೋದಾಗ ನಮ್ಮನೆಯವರಿಗೆ ಸುಸ್ತಾದರೆ ಅವರ ಗಾಡಿಯನ್ನು ಎಲ್ಲಾದರೂ ನಿಲ್ಲಿಸಿ, ಅವರನ್ನು ಹಿಂದೆ ಕೂರಿಸಿಕೊಂಡು ಬರುವ ಹಾಗಿರಬೇಕು. ಇಬ್ಬರು ಕೂತಾಗ ರೋನಿನ್ನಿನ 20 ಎನ್‌ಎಂ ಸ್ವಲ್ಪ ಏದುಸಿರು ಬಿಡುತ್ತದೆ ಅನ್ನಿಸಿತು, ಅದೂ ಏರು ರಸ್ತೆಯಲ್ಲಿ.

ಹಾಗಾಗಿ ಉಳಿದದ್ದು ಹಂಟರ್‌ನ ಅಣ್ಣ ತಮ್ಮಂದಿರೇ, ಅದೇ ಕಂಪನಿಯ ಕ್ಲಾಸಿಕ್ 350 ಮತ್ತು ಮೀಟಿಯರ್ 350. ಮೂರಕ್ಕೂ ಒಂದೇ ಎಂಜಿನ್, 349 ಸಿಸಿ, 20.2 ಬಿಎಚ್‌ಪಿ ಶಕ್ತಿ, 27 ಎನ್‌ಎಂ ಟಾರ್ಕ್. ಕ್ಲಾಸಿಕ್ ನೋಡೋಕೆ ಚೆಂದ, ಆದರೆ ಕಡ್ಡಿ ಚಕ್ರದ ಮಾಡೆಲ್‌ಗಳಿಗೆ ಟ್ಯೂಬ್ ಟಯರು. ಭಾನುವಾರ ಬೆಳಿಗ್ಗೆ ಏಳಕ್ಕೆ ಹಳ್ಳಿ ರಸ್ತೆಯಲ್ಲಿ ಪಂಕ್ಚರ್ ಆದರೆ ಟ್ಯೂಬ್ ಬಿಚ್ಚೋರನ್ನು ಎಲ್ಲಿ ಹುಡುಕೋದು? ನಾನು ನೋಡಿದ ಮೀಟಿಯರ್‌ಗೆ ಅಲಾಯ್ ಚಕ್ರ, ಟ್ಯೂಬ್‌ಲೆಸ್. ನಮ್ಮ ಹಂಟರ್‌ಗೂ ಅದೇ. ಒಂದು ಪಂಕ್ಚರ್ ಕಿಟ್, ಒಂದು ಸಣ್ಣ ಗಾಳಿ ಪಂಪು ಇದ್ದರೆ ಎರಡು ಗಾಡಿಗೂ ಆಯಿತು. ಮೀಟಿಯರ್ ಸೀಟು 765 ಮಿ.ಮೀ. ಇಷ್ಟು ವರ್ಷ ಬೆರಳ ತುದಿಯಲ್ಲಿ ನಿಂತವಳಿಗೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದ್ದು ಮೊದಲ ಸಲ. ಮೊದಲ ಸಿಗ್ನಲ್ಲಲ್ಲಿ ಸುಮ್ನೆ ಎರಡೂ ಕಾಲು ಊರಿಕೊಂಡು ಕೂತಿದ್ದೆ, ಹಸಿರು ಬಿದ್ದದ್ದೂ ಗೊತ್ತಾಗಲಿಲ್ಲ, ಹಿಂದಿನ ಆಟೋದವರು ಹಾರ್ನ್ ಹೊಡೆದು ಎಬ್ಬಿಸಿದರು.

ಮತ್ತೆ ತೂಕ. ಮೀಟಿಯರ್ 191 ಕೆ.ಜಿ., ಹಂಟರ್‌ಗಿಂತ ಹತ್ತು ಕೆ.ಜಿ. ಜಾಸ್ತಿ. ಎಂಜಿನ್ ಅದೇ. ಅಂದರೆ ನನ್ನ ಗಾಡಿಗೆ ದಾಟೋಕೆ ಜಾಗ ಸಾಕು ಅನ್ನಿಸಿದರೆ ಹಂಟರ್‌ಗೂ ಸಾಕು. ಬಾಡಿಗೆ ಮೀಟಿಯರ್ ತಂದ ವಾರ ಅದೇ ಕುಣಿಗಲ್ ರಸ್ತೆಯಲ್ಲಿ ಲಾರಿಗಳನ್ನು ದಾಟಿ ನೋಡಿದೆವು. ನಾನು ಊಹೆ ಮಾಡೋದೇ ನಿಂತಿತು. ಥ್ರಾಟಲ್ ಪೂರ್ತಿ ತಿರುಗಿಸಿದರೂ ಗಾಡಿ "ಬಂದೆ ಇರಿ" ಅಂತ ನಿಧಾನಕ್ಕೆ ಎಳೆಯುತ್ತದಲ್ಲ, ಆಗ ತಾನಾಗಿಯೇ ದೂರದವರೆಗೂ ನೋಡುತ್ತೇವೆ, ತಾನಾಗಿಯೇ ಕಾಯುತ್ತೇವೆ. ಕಾದರೆ ಇಬ್ಬರೂ ಕಾಯುತ್ತೇವೆ, "ನನ್ನಿಂದ ತಡ" ಅನ್ನೋ ಮಾತಿಗೆ ಜಾಗವೇ ಇಲ್ಲ.

ಗಾಡಿ ಒಂದೇ ಥರ ಆದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ, ಒಂದೆರಡು ಕಟ್ಟುಪಾಡು ಬೇಕು. ನಾನು ಲಾರಿ ದಾಟಿದೆ ಅಂತ ಅವರು ದಾಟಬಾರದು, ತಮ್ಮ ಕಣ್ಣಲ್ಲಿ ನೋಡಿ, ತಮಗೆ ಸರಿ ಅನ್ನಿಸಿದ ಮೇಲೇ. ನಾನು ಮುಂದೆ ಹೋಗಿ ಎಡಕ್ಕೆ ಜಾಗ ಬಿಟ್ಟು ಕಾಯ್ತಿರ್ತೀನಿ. ಸಿಟಿ ಒಳಗೆ ಅವರು ಮುಂದೆ, ನಾನು ಹಿಂದೆ ಸ್ವಲ್ಪ ಬಲಕ್ಕೆ, ಹಿಂದಿನಿಂದ ನುಗ್ಗುವ ಕ್ಯಾಬ್‌ಗಳು ಮೊದಲು ನನ್ನನ್ನು ದಾಟಬೇಕು. ನೆಲಮಂಗಲದಂಥ ಗೊಂದಲದ ಕಡೆ ಮಾತ್ರ ನಾನು ಮುಂದೆ. ಅಕ್ಕಪಕ್ಕ ಸಮಕ್ಕೆ ಓಡಿಸೋದು ಯಾವತ್ತೂ ಇಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಹಳ್ಳ ಬಂದಾಗ ಇಬ್ಬರಿಗೂ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ. ಇಂಟರ್‌ಕಾಮಲ್ಲಿ ಗೇರು, ಕ್ಲಚ್ಚು ಅಂತ ಪಾಠ ಮಾಡೋದನ್ನು ನಾನು ಪೂರ್ತಿ ಬಿಟ್ಟಿದ್ದೀನಿ. "ಹಂಪ್ ಇದೆ", "ನಾಯಿ", "ಮರಳು", ಇಷ್ಟೇ. ಅವರ ಕಡೆಯಿಂದ ಬರೋದು ಮಾತ್ರ ಬರೀ ಊಟ ತಿಂಡಿಯ ವಿಷಯ.

ಕೊಳ್ಳೋಕೆ ಹೋದ ದಿನ ಶೋರೂಮಿನ ಹುಡುಗ ಅರ್ಧ ಗಂಟೆ ನಮ್ಮನೆಯವರಿಗೇ ಎಲ್ಲ ವಿವರಿಸಿದ. "ಸರ್, ಹಿಂದಿನ ಸೀಟು ಮೇಡಂಗೆ ತುಂಬಾ ಕಂಫರ್ಟ್" ಅಂತ. ಇವರು ಎಲ್ಲ ಕೇಳಿಸಿಕೊಂಡು "ಗಾಡಿ ಅವರದು ಕಣಪ್ಪ. ಹಿಂದೆ ಕೂರೋನು ನಾನು, ನನಗೂ ಕಂಫರ್ಟ್ ಅಲ್ವಾ?" ಅಂದರು. ಹುಡುಗ ಪಾಪ, ಆಮೇಲೆ ಆಕ್ಸೆಸರಿ ಪಟ್ಟಿ ನನಗೆ ಕೊಟ್ಟ. ಶೋರೂಮ್ ಬೆಲೆ 2 ಲಕ್ಷದ ಆಸುಪಾಸು, ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ ರಸ್ತೆಗೆ ಬರುವಾಗ ಎರಡೂವರೆ ಲಕ್ಷದ ಹತ್ತಿರ. ಡ್ಯೂಕಿಗೆ ಎಕ್ಸ್‌ಚೇಂಜಲ್ಲಿ ಹೇಳಿದ ಬೆಲೆ ಕೇಳಿ ನಗು ಬಂತು. ಹೊರಗೆ ಮಾರಿ, ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೂ ಬೆನ್ನು ಹತ್ತಿದೆ. ಇದನ್ನು ಮಾತ್ರ ಯಾರೂ ಉದಾಸೀನ ಮಾಡಬೇಡಿ, ಕೊಂಡವರು ಸಿಗ್ನಲ್ ಹಾರಿದರೆ ದಂಡ ನಿಮ್ಮ ಹೆಸರಿಗೇ ಬರುತ್ತದೆ.

ಮೀಟಿಯರ್‌ನಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಕಾಲು ಮುಂದಕ್ಕೆ ಚಾಚಿ ಕೂರುವ ಗಾಡಿ, ಹಳ್ಳ ಬಂದಾಗ ಫುಟ್‌ಪೆಗ್ ಮೇಲೆ ಎದ್ದು ನಿಲ್ಲೋಕೆ ಆಗಲ್ಲ, ಏಟು ನೇರ ಸೊಂಟಕ್ಕೆ. ಉದ್ದ ಜಾಸ್ತಿ ಇರೋದರಿಂದ ನಮ್ಮ ಗಲ್ಲಿಯಲ್ಲಿ ಒಂದೇ ಸಲಕ್ಕೆ ತಿರುಗಲ್ಲ. 90ರ ಮೇಲೆ ಎಂಜಿನ್‌ಗೂ ಮನಸ್ಸಿಲ್ಲ, ಒಮ್ಮೊಮ್ಮೆ ಹಾಸನ ಹೆದ್ದಾರಿ ಖಾಲಿ ಇದ್ದಾಗ ಬಲಗೈ ಕಡಿಯುತ್ತದೆ, ಸುಳ್ಳು ಹೇಳಲ್ಲ. ಮೊದಲ ಸರ್ವೀಸ್, ಅಂದರೆ 500 ಕಿ.ಮೀ.ವರೆಗೆ ಹೊಸ ಎಂಜಿನ್ನನ್ನು ಜೋರಾಗಿ ಎಳೆಯೋ ಹಾಗಿಲ್ಲವಲ್ಲ, ಆಗ ನಮ್ಮನೆಯವರೇ ಮುಂದೆ ಹೋಗಿ ಕಾದು ನಿಂತು "ಬಾ ನಿಧಾನಕ್ಕೆ, ಅವಸರ ಇಲ್ಲ" ಅಂತಿದ್ದರು. ಆ ಮಾತು ಹೇಳೋಕೆ ಅವರಿಗೆ ಎಷ್ಟು ಖುಷಿ ಅಂತೀರಾ.

ಈಗ ಸಕಲೇಶಪುರದವರೆಗೆ ಹೋಗಿ ಬರುವ ಮಾತು ನಡೀತಿದೆ. ಅಲ್ಲಿಂದ ಶಿರಾಡಿ ಘಾಟಿಯನ್ನೂ ಇಳಿದುಬಿಡೋಣ ಅಂತ ಅವರು. ಟ್ಯಾಂಕರ್, ಲಾರಿ ಸಾಲು ಸಾಲಾಗಿ ಇಳಿಯುವ ತಿರುವುಗಳು ಅವು, ಈ ವರ್ಷ ಬೇಡ, ಸಕಲೇಶಪುರದಲ್ಲೇ ಉಳಿದು ವಾಪಸ್ ಬರೋಣ ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ.